ಒಲೆ ಉರಿಸದ ಭಾನುವಾರ

ಇಂದು ಬೆಳಿಗ್ಗೆ ಅವಲಕ್ಕಿ ಹುರಿಯುವ ಪರಿಮಳ ನನ್ನನ್ನು ಎಬ್ಬಿಸಿತು. ನಮ್ಮ ಮನೆಯಲ್ಲಿ ಈ ಪರಿಮಳ ಬಂತೆಂದರೆ ಮೇ ತಿಂಗಳು ಮುಗಿಯುತ್ತ ಬಂತು, ಅಮ್ಮ ಮಳೆಗಾಲದ ಬ್ಯಾಗು ತುಂಬಿಸಲು ಕುಳಿತರು ಎಂದರ್ಥ. ಕುದ್ರೋಳಿಯಲ್ಲಿ ನಮ್ಮದು ತಗ್ಗಿನ ಓಣಿ. ದೊಡ್ಡ ಮಳೆಯ ಜೊತೆಗೆ ಸಮುದ್ರವೂ ಉಬ್ಬಿದರೆ ಪಕ್ಕದಲ್ಲಿ ಹರಿಯುವ ತೋಡಿನ ನೀರು ಅಂಗಳಕ್ಕೇ ಬರುತ್ತದೆ. ಎತ್ತರದ ಜಾಗದಲ್ಲಿ ಮನೆ ಇರುವ ನಿಮಗೆ ಇಂಥ ಬ್ಯಾಗು ಅತಿಯೆನಿಸಬಹುದು. ನನಗೂ ಒಂದು ಕಾಲದಲ್ಲಿ ಅಮ್ಮನ ಎಚ್ಚರಿಕೆ ಅತಿಯೆನಿಸಿತ್ತು.

ಕೆಲವು ವರ್ಷಗಳ ಹಿಂದೆ ವಾರ್ಡಿನವರು ಮನೆಮನೆಗೆ ಬಂದು, ನೆರೆ ಬಂದು ಮನೆ ಬಿಟ್ಟು ಶಾಲೆಗೋ ಎಲ್ಲಿಗೋ ಹೊರಡಬೇಕಾಗಿ ಬಂದರೆ ಒಂದು ದಿನಕ್ಕಾಗುವಷ್ಟು ತಿನ್ನುವ ವಸ್ತು ಕಟ್ಟಿಟ್ಟುಕೊಳ್ಳಿ ಎಂದು ಹೇಳಿ ಹೋದರು. ನಾನು ಕಾಲೇಜಿನಲ್ಲಿ ಪಾಠ ಮಾಡುವವನು, ಪಟ್ಟಿ ಮಾಡುವುದರಲ್ಲಿ ನಿಸ್ಸೀಮ. ಸ್ಕೂಟರಿನಲ್ಲಿ ಉರ್ವ ಪೇಟೆಗೆ ಹೋಗಿ ನೂಡಲ್ಸ್, ಚಿಪ್ಸ್, ಚಕ್ಕುಲಿ, ಡಬ್ಬಿಯಲ್ಲಿ ಬರುವ ಬೇಯಿಸಿದ ಕಾಳು ಎಲ್ಲ ತಂದು ಮೇಜಿನ ಮೇಲೆ ಜೋಡಿಸಿಟ್ಟೆ. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಒಂದೊಂದನ್ನೇ ತಿರುಗಿಸಿ ನೋಡಿದರು.

"ನೂಡಲ್ಸ್ ಬೇಯಿಸ್ಲಿಕ್ಕೆ ಅಲ್ಲಿ ಗ್ಯಾಸ್ ಉಂಟಾ?"

"ಯಾರಾದ್ರೂ ಬಿಸಿನೀರು ಕೊಡ್ತಾರಮ್ಮ."

"ಯಾರು ಕೊಡ್ತಾರೆ? ಹೆಸರು ಹೇಳು."

ನಾನು ನೂಡಲ್ಸನ್ನು ಮೇಜಿನ ಬದಿಗೆ ಸರಿಸಿದೆ. "ಬರುವ ಭಾನುವಾರ ನಾನು ಒಲೆ ಉರಿಸುವುದಿಲ್ಲ. ಇದರಲ್ಲೇ ಒಂದು ದಿನ ಕಳೆಯುವ, ಆಗ ಗೊತ್ತಾಗ್ತದೆ," ಎಂದರು ಅಮ್ಮ.

ಆ ಭಾನುವಾರ ಚಿಪ್ಸ್ ತಿಂದ ನಮಗೆ ಹತ್ತು ಗಂಟೆಗೇ ಬಾಯಾರಿಕೆ. ಮಧ್ಯಾಹ್ನದೊಳಗೆ ಬ್ಯಾಗಿನ ನೀರೆಲ್ಲ ಖಾಲಿ. ಡಬ್ಬಿ ತೆರೆಯುವ ಸಾಧನ ನನ್ನ ಪಟ್ಟಿಯಲ್ಲೇ ಇರಲಿಲ್ಲ. ಸ್ಕ್ರೂಡ್ರೈವರಿನಿಂದ ಕುಟ್ಟಿ ಹೆಬ್ಬೆರಳಿಗೆ ಗಾಯ ಮಾಡಿಕೊಂಡೆ. ಹಲ್ಲಿನ ಸೆಟ್ಟು ಹಾಕಿಕೊಳ್ಳುವ ಅಪ್ಪ ಚಕ್ಕುಲಿಯ ತುಂಡೊಂದನ್ನು ಪೆಪ್ಪರ್‌ಮಿಂಟಿನಂತೆ ಬಾಯಲ್ಲಿಟ್ಟುಕೊಂಡು ಕರಗಲು ಕಾದರು. ನಾಲ್ಕು ಗಂಟೆಗೆ ಅವರ ತಾಳ್ಮೆ ಮುಗಿಯಿತು. "ನಿಜವಾದ ನೆರೆ ಬಂದ್ರೆ ನೀವು ಹೋಗಿ ಮಾರಾಯ. ನಾನು ಇಲ್ಲೇ ಇರ್ತೇನೆ."

ಮರುದಿನದಿಂದ ಬ್ಯಾಗು ಅಮ್ಮನ ಸುಪರ್ದಿಗೆ ಹೋಯಿತು. ಗರಿಗರಿಯಾಗಿ ಹುರಿದ ತೆಳು ಅವಲಕ್ಕಿ, ತುಸು ನೀರು ಚಿಮುಕಿಸಿದರೆ ಅಪ್ಪನಿಗೂ ಮೆತ್ತಗಾಗುವಂಥದ್ದು. ಹುರಿಗಡಲೆ ಹುಡಿ, ಖರ್ಜೂರ. ಬಾಯಾರಿಸುವ ಉಪ್ಪಿನ ತಿಂಡಿ ಒಂದೂ ಇಲ್ಲ. ಕೊನೆಯಲ್ಲಿ ಒಂದು ಸಣ್ಣ ಕರಡಿಗೆಯ ತುಂಬ ಬೆಲ್ಲದ ಹುಡಿ. ಅದಕ್ಕೆ ನಾನು ತಕರಾರು ತೆಗೆದೆ. "ಶುಗರ್ ಇರುವ ಅಪ್ಪನ ಬ್ಯಾಗಿಗೆ ಬೆಲ್ಲ ಎಂತಕ್ಕಮ್ಮ?"

"ಮಾತ್ರೆ ತಗೊಂಡ ಮೇಲೆ ತಿಂಡಿ ತಡ ಆದ್ರೆ ಇವರ ಕೈ ನಡುಗುವುದು ನೀನು ನೋಡಿಲ್ಲ. ನಾನು ನೋಡಿದ್ದೇನೆ."

ಆದರೂ ಅಮ್ಮನಿಗೆ ಕಾಣದಂತೆ ಕರಡಿಗೆಯನ್ನು ತೆಗೆದಿಟ್ಟೆ. ಅವರು ಹುಡುಕಿ ತಂದು ಮತ್ತೆ ಹಾಕಿದರು.

ಅದೇ ಮಳೆಗಾಲದ ಒಂದು ಬೆಳಿಗ್ಗೆ ಅಪ್ಪ ಶುಗರಿನ ಮಾತ್ರೆ ನುಂಗಿ ದೋಸೆಗೆ ಕಾಯುತ್ತಿದ್ದಾಗ ನೀರು ಹೊಸ್ತಿಲು ದಾಟಿತು. ಅರ್ಧ ಗಂಟೆಯಲ್ಲಿ ನಾವೆಲ್ಲ ಶಾಲೆಯೊಂದರ ತರಗತಿಯಲ್ಲಿದ್ದೆವು. ತಿಂಡಿ ತರುತ್ತಿದ್ದ ಗಾಡಿ ದಾರಿಯಲ್ಲೇ ನೀರಿಗೆ ಸಿಕ್ಕಿಬಿದ್ದಿದೆ ಎಂದರು. ಬಿಸಿ ತಿಂಡಿಯೇ ಬರಲೆಂದು ಗಂಟೆ ಹೊತ್ತಿನಿಂದ ಹರಟುತ್ತ ಕಾದಿದ್ದ ಅಪ್ಪ ನಡುವೆ ಮಾತು ನಿಲ್ಲಿಸಿದರು. ಹಣೆಯ ಮೇಲೆ ಬೆವರು. ನನ್ನ ಮುಖವನ್ನೇ ನೋಡಿ, "ಬಸ್ಸು ಬಂತಾ?" ಎಂದು ಸಂಬಂಧವೇ ಇಲ್ಲದೆ ಕೇಳಿದರು. ನಾನು ಸಿಗ್ನಲ್ಲಿಲ್ಲದ ಫೋನು ಹಿಡಿದು ಮರದಂತೆ ನಿಂತೆ. ಅಷ್ಟರಲ್ಲಿ ಅಮ್ಮ ಬೆಲ್ಲದ ಹುಡಿಯನ್ನು ನೀರಲ್ಲಿ ಕಲಸಿ ಗುಟುಕು ಗುಟುಕಾಗಿ ಕುಡಿಸುತ್ತಿದ್ದರು. ಆಮೇಲೆ ನೆನೆಸಿದ ಅವಲಕ್ಕಿ. ಕಾಲು ಗಂಟೆ ಕಳೆದಿರಬೇಕು, ಅಪ್ಪ ಸುತ್ತ ನೋಡಿ, "ದೋಸೆ ಕಾವಲಿಯಲ್ಲೇ ಉಳಿಯಿತಲ್ಲ," ಎಂದು ಮರುಗಿದರು.

ನೆರೆಮನೆಯ ಲಿಲ್ಲಿಬಾಯಿ ಗಲ್ಫಿನಲ್ಲಿ ನರ್ಸ್ ಆಗಿದ್ದವರು. ಅಷ್ಟು ಹೊತ್ತೂ ಅಪ್ಪನ ನಾಡಿ ಹಿಡಿದು ಕುಳಿತಿದ್ದರು. "ಶುಗರ್ ಇಳಿದಿತ್ತು. ಬೆಲ್ಲ ಇತ್ತು, ಬಚಾವ್. ಈಗ ಆಸ್ಪತ್ರೆಗೆ ಹೋಗ್ಲಿಕ್ಕೆ ದಾರಿಯೇ ಇಲ್ಲ," ಎಂದರು. ನನಗೆ ನಾಚಿಕೆಯಾಯಿತು. ಆದರೆ, ನಿಮ್ಮಲ್ಲಿ ಹೇಳಿದರೆ ಏನಂತೆ, ಉಳಿದ ಅವಲಕ್ಕಿಗೆ ಬೆಲ್ಲ ಬೆರೆಸಿ ತರಗತಿಯ ಮಕ್ಕಳಿಗೆಲ್ಲ ಹಂಚುತ್ತಿದ್ದ ಅಮ್ಮನನ್ನು ನೋಡುತ್ತಿದ್ದಂತೆ ಆ ನಾಚಿಕೆಯನ್ನೂ ಮೀರಿ ಎದೆ ಉಬ್ಬಿತು.

ಇಂದು ಸಂಜೆ ವಾರ್ಡಿನ ಸಭೆಯಿತ್ತು. ಬ್ಯಾಗಿಗೆ ಏನೇನು ಹಾಕಬೇಕೆಂದು ಹೇಳಲು ಅಮ್ಮನನ್ನೇ ಕರೆದಿದ್ದರು. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ಅಮ್ಮ ಮೈಕಿನ ಮುಂದೆ ತುಳುವಿನಲ್ಲಿ ಮಾತಾಡಿದರು. ಹೊರಗಿನಿಂದ ಬಂದು ನೆಲೆಸಿದವರಿಗಾಗಿ ನಾನು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುತ್ತಿದ್ದೆ. ಅಭ್ಯಾಸಬಲದಿಂದ ನನ್ನದೂ ಎರಡು ಮಾತು ಸೇರಿಸಹೋದೆ. "ನಾನು ಹೇಳಿದ್ದು ಮಾತ್ರ ಹೇಳು," ಎಂದರು. ಸಭೆ ನಕ್ಕಿತು, ನಾನೂ ನಕ್ಕೆ.

ಹೊರಡುವಾಗ ಹಾಜರಿ ಬರೆಯುತ್ತಿದ್ದವರು ತಲೆಯೆತ್ತಿ, "ಸರ್, ನಿಮ್ಮ ಹೆಸರು?" ಎಂದು ಕೇಳಿದರು.

"ಅವರ ಮಗ ಅಂತ ಬರೆಯಿರಿ," ಎಂದೆ.