ಭಟ್ಟಿಯ ಕಾವಲ್ಲ ಈ ಉರಿ

ಬೆಳಕು ಹರಿಯುವ ಮುನ್ನವೇ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಮರಳು ಕಾದಿದೆ. ಉಪ್ಪುನೀರು ಹೀರಿದ ಅಕ್ಕಿಯನ್ನು ಮೈಲಮ್ಮ ಬಾಣಲೆಗೆ ಸುರಿದು ಕೈಯಾಡಿಸುತ್ತಾರೆ. ಅಕ್ಕಿ ಅರಳಿದ್ದೇ ತಡ, ಜರಡಿಗೆ. ಒಂದು ಹಿಡಿ ಬಾಯಿಗೆ ಹಾಕಿಕೊಂಡು ಉಪ್ಪು ನೋಡುತ್ತಾರೆ. ತಮ್ಮ ಹೊಟ್ಟೆಯೊಳಗಿನ ರೋಗಾಣು ಸತ್ತಿದೆಯೋ ಇಲ್ಲವೋ, ನಾಳೆಯ ಉಸಿರಿನ ಪರೀಕ್ಷೆ ಹೇಳಬೇಕು.

ಭಾನುವಳ್ಳಿಯಿಂದ ಸೊಸೆಯಾಗಿ ಬಂದಂದಿನಿಂದ ಅವರಿಗೆ ಇದೇ ಕೆಲಸ. ಮಧ್ಯಾಹ್ನದವರೆಗೆ ಚಹಾ, ಹಸಿಮೆಣಸಿನಕಾಯಿ, ಮಂಡಕ್ಕಿ. ಹೊಟ್ಟೆ ಉರಿದರೆ ಇಲ್ಲಿ ಎಲ್ಲರೂ ಅದನ್ನು 'ಭಟ್ಟಿ ಕಾವು' ಎನ್ನುತ್ತಾರೆ. "ಬೆಂಕಿ ಮುಂದ ಕುಂತ್ರೆ ಒಳಗೂ ಕಾಯ್ತೈತೆ ಅಂದ್ಕಂಡಿದ್ದೆ. ಕಾಮಕಸ್ತೂರಿ ಬೀಜ ನೆನೆಸಿ ಕುಡುದ್ರೆ ತಣ್ಣಗಾಗ್ತಿತ್ತು, ಮತ್ತೆ ಬರ್ತಿತ್ತು" ಎನ್ನುತ್ತಾರೆ.

ಬೇಸಿಗೆಯಲ್ಲಿ ಮಲ ಟಾರಿನಂತೆ ಕಪ್ಪಾಯಿತು. ತಲೆ ಸುತ್ತಿ ಜರಡಿಯ ಮೇಲೇ ಬಿದ್ದರು. ಆಸ್ಪತ್ರೆಯಲ್ಲಿ ನೋಡಿದರೆ ಜಠರದಲ್ಲಿ ರಕ್ತ ಒಸರುವ ಹುಣ್ಣು. ಅದಕ್ಕೆ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಬಹಳ ಜನರಲ್ಲಿ ಅದು ಸದ್ದಿಲ್ಲದೆ ಇರುತ್ತದೆ, ಕೆಲವರಲ್ಲಷ್ಟೇ ಹುಣ್ಣು ಮಾಡುತ್ತದೆ.

"ಮಜ್ಜಿಗೆ ಕುಡೀರಿ, ಹೊತ್ತಿಗೆ ಸರಿಯಾಗಿ ಉಣ್ರಿ, ಖಾರ ಕಮ್ಮಿ ಮಾಡ್ರಿ, ಹೊಟ್ಟೆಗೆ ಹಿತ ಆಗ್ತೈತೆ. ಆದ್ರೆ ರೋಗಾಣು ಸಾಯೋದು ಮಾತ್ರೆಯಿಂದ, ನಡುವೆ ಬಿಡಬ್ಯಾಡ್ರಿ" ಎಂದರು ಡಾಕ್ಟರ್ ವಾಣಿ.

ಮಾತ್ರೆಗೆ ಬಾಯಿ ಕಬ್ಬಿಣ ನೆಕ್ಕಿದಂತಾಯಿತು, ಉಪ್ಪೇ ತಿಳಿಯದಾಯಿತು. "ಏನಕ್ಕಾ, ಸಮುದ್ರಾನೇ ಹುರಿದಿಟ್ಟಿಯಲ್ಲ!" ಎಂದು ಭಟ್ಟಿ ಮಾಲೀಕ ಅಮ್ಜದ್ ನಕ್ಕರು. ಜೊತೆಗಾತಿ ಯಲ್ಲಕ್ಕ, "ಆ ವಿಷ ಬಿಡು, ಬೀಜದ ನೀರು ಕುಡಿ" ಎಂದರು. ಮೈಲಮ್ಮ ಬಿಡಲಿಲ್ಲ. "ನೀನೇ ಉಪ್ಪು ನೋಡು, ನಾನು ಮಾತ್ರೆ ನುಂಗ್ತೀನಿ" ಎಂದರು. ಮಾತ್ರೆ ಮುಗಿದ ಮೇಲೆ ಉಪ್ಪಿನ ರುಚಿ ನಾಲಿಗೆಗೆ ಮರಳಿತು.

ಆ ಹಟಕ್ಕೆ ಕಾರಣ ಹರಿಹರದಲ್ಲಿದೆ. ಅಲ್ಲಿರುವ ಮಗಳು ಅಂಬಿಕಾಳ ಪುಟ್ಟ ಕೂಸಿಗೆ ಮೈಲಮ್ಮ ಮಂಡಕ್ಕಿ ಅಗಿದು ಮೆತ್ತಗೆ ಮಾಡಿ ತಿನ್ನಿಸುತ್ತಿದ್ದರು; ಮನೆತನದ ರೂಢಿ. ಈ ರೋಗಾಣು ಬಾಯಿಂದ ಬಾಯಿಗೂ ದಾಟಬಲ್ಲದೆಂದು ತಿಳಿದ ದಿನ ಅವರಿಗೆ ಅನ್ನ ಇಳಿಯಲಿಲ್ಲ. ಮಗುವಿಗೆ ಯಾವ ತೊಂದರೆಯೂ ಕಾಣುತ್ತಿಲ್ಲ, ಸದ್ಯಕ್ಕೆ ಪರೀಕ್ಷೆ ಬೇಡ ಎಂದಿದ್ದಾರೆ ಡಾಕ್ಟರ್. ಆದರೂ ಕೂಸು ವಾಂತಿ ಮಾಡಿತೆಂದು ಫೋನ್ ಬಂದರೆ ಮೈಲಮ್ಮನ ಕೈ ಬಾಣಲೆಯ ಮೇಲೆ ನಿಲ್ಲುತ್ತದೆ.

ಈಗ ಹರಿಹರಕ್ಕೆ ಹೋದರೆ ಕೂಸನ್ನು ಮಡಿಲಲ್ಲಿಟ್ಟುಕೊಂಡು ಮುಖ ಆಚೆ ತಿರುಗಿಸುತ್ತಾರೆ. ಕೂಸು ಅಜ್ಜಿಯ ಗದ್ದ ಹಿಡಿದು ಎಳೆಯುತ್ತದೆ.

"ನಾಳೆ ಹುಳ ಸತ್ತೈತೆ ಅಂದ್ರೂ ಇನ್ನ ಅಗಿದು ಕೊಡಾದಿಲ್ಲ ಬಿಡ್ರಿ. ಅದರ ಕಡೆ ತಿರುಗಿ ನಗಾಕ ಅಂಜಿಕೆ ಹೋದ್ರೆ ಸಾಕು" ಎನ್ನುತ್ತಾರೆ ಮೈಲಮ್ಮ.