ದೃಷ್ಟಿಬೊಟ್ಟು ಇಟ್ಟ ಪ್ಲೇಟು

ನನಗೆ ಆಗ ಹತ್ತು ವರ್ಷ. ಈಗ ಅರವತ್ತೆಂಟು ನಡೆಯುತ್ತಿದೆ, ಅಂದರೆ ಐವತ್ತೆಂಟು ವರ್ಷದ ಹಿಂದಿನ ಮಾತು. ಆಗ ಪೀಣ್ಯದ ಕಡೆ ಈ ಫ್ಯಾಕ್ಟರಿ ಶೆಡ್ಡುಗಳ ಸಾಲು ಇರಲಿಲ್ಲ, ತಲೆಯ ಮೇಲೆ ಮೆಟ್ರೋ ಓಡುತ್ತಿರಲಿಲ್ಲ. ನಾಗಸಂದ್ರದ ಪಕ್ಕದ ನಮ್ಮ ಊರಲ್ಲಿ ರಾಗಿ ಹೊಲ, ಅದರ ನಡುವೆ ಅವರೆ ಸಾಲು. ಊರಿಗೆಲ್ಲ ಇದ್ದದ್ದು ಒಂದೇ ಹಾಡಿನ ಪೆಟ್ಟಿಗೆ. ಅದು ನಮ್ಮ ಮನೆಯಲ್ಲಿರಲಿಲ್ಲ, ದೊಡ್ಡಪ್ಪನ ಮನೆಯಲ್ಲಿತ್ತು. ನಮಗೂ ಅವರಿಗೂ ನಡುವೆ ಒಂದೇ ಗೋಡೆ. ದೂರದಲ್ಲಿದ್ದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಜಾಲಹಳ್ಳಿಯ ಮಿಲಿಟ್ರಿಯವರೊಬ್ಬರು ವರ್ಗವಾಗಿ ಹೋಗುವಾಗ ದೊಡ್ಡಪ್ಪ ಕೊಂಡು, ಹೆಗಲ ಮೇಲೆ ಹೊತ್ತು ತಂದ ಗ್ರಾಮಫೋನು ಅದು. ಅದಕ್ಕಿದ್ದ ಜೋಪಾನ ಕರು ಹಾಕಿದ ಹಸುವಿಗೂ ಇರಲಿಲ್ಲ. ಕೀ ಕೊಡುವಾಗ ಕೈಗೆ ಬಿಗಿ ಹತ್ತಿದ ಕೂಡಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗು ತುಂಡಾಗುತ್ತದೆ. ಮೊಂಡು ಮುಳ್ಳು ಹಾಕಬಾರದು, ಹಾಡಿನ ಕರೀ ಪ್ಲೇಟು ಗೀಚಿಹೋಗುತ್ತದೆ. ಪ್ಲೇಟನ್ನು ಬಿಸಿಲಲ್ಲಿ ಗೋಡೆಗೆ ಒರಗಿಸಿದರೆ ಸೊಟ್ಟಗಾಗುತ್ತದೆ. ಒಲೆಯ ಹತ್ತಿರವಂತೂ ಪೆಟ್ಟಿಗೆ ಹೋಗಲೇ ಕೂಡದು. ಹೀಗೆ ದೊಡ್ಡಪ್ಪ ದಿನವೂ ಹೇಳುತ್ತಿದ್ದ. ಅವನು ಹೇಳುತ್ತಿದ್ದದ್ದು ಮಗಳು ಸರೋಜಳಿಗೆ. ಕಲಿತದ್ದು ಹೊಸ್ತಿಲಲ್ಲಿ ಕೂತ ನಾನು.

ಸರೋಜ ನನ್ನ ವಾರಿಗೆಯವಳು. ಕೀ ಕೊಡುವ ಕೆಲಸ ಅವಳದು. ಬಳೆ ಮೇಲಕ್ಕೆ ಸರಿಸಿಕೊಂಡು ತಿರುಗಿಸುವಾಗ ಅವಳ ಮುಖ ನೋಡಬೇಕಿತ್ತು, ಊರಿಗೆಲ್ಲ ಊಟಕ್ಕಿಡುವವಳ ಹಾಗೆ.

"ಸರೋಜಿ, ಒಂದೇ ಒಂದ್ಸಲ ನಾನು ತಿರುಗಿಸ್ತೀನಿ ಕಣೆ," ಅಂದೆ.

"ಥೂ, ನಿನ್ನ ಕೈಯೆಲ್ಲ ಸಗಣಿ ವಾಸ್ನೆ. ಅಲ್ಲೇ ಕೂತ್ಕೊ. ಬೇಕಾದ್ರೆ ನಿಮ್ಮಪ್ಪಂಗೆ ಏಳಿ ಒಂದು ತರಿಸ್ಕೊ."

ಅಪ್ಪನಿಗೆ ಹೇಳಿದೆ. "ಆ ಪೆಟ್ಗೆ ರಾಗಿ ಬೀಸ್ತದಾ?" ಅಂತ ಕೇಳಿ ಎತ್ತಿಗೆ ಹುಲ್ಲು ಹಾಕಲು ಹೋದ.

ಅದು ಅವರೆಕಾಯಿ ಕಾಲ. ಊರೆಲ್ಲ ಸೊಗಡಿನ ವಾಸನೆ. ದೊಡ್ಡಮ್ಮ ಒಂದು ಪದ್ಧತಿ ಮಾಡಿದ್ದಳು: ಹಾಡು ಕೇಳಲು ಬಂದವರು ಸುಮ್ಮನೆ ಕೂರುವಂತಿಲ್ಲ, ನೆನೆಸಿದ ಅವರೆಕಾಳು ಹಿತಕಿಕೊಡಬೇಕು. ಸಂಜೆ ದೀಪ ಹಚ್ಚಿದ ಮೇಲೆ ಹೆಂಗಸರೆಲ್ಲ ಸುತ್ತ ಕೂತು ಪಿಚಕ್ ಪಿಚಕ್ ಅಂತ ಸಿಪ್ಪೆ ಬಿಡಿಸುವುದು, ನಡುವೆ ಪೆಟ್ಟಿಗೆ ಹಾಡುವುದು. ಹಿತಕಿದ ಬೇಳೆ ಸಾರು ಅವರ ಮನೆಗೆ, ಬೆರಳ ತುದಿಯ ಉರಿ ನಮಗೆ. ಆದರೂ ನಾನು ಒಂದು ದಿನವೂ ತಪ್ಪಿಸಿದವಳಲ್ಲ.

ಸಂಕ್ರಾಂತಿಯ ಮುಂಚೆ ದೊಡ್ಡಪ್ಪ ಪೇಟೆಯಿಂದ ಒಂದು ಹೊಸ ಪ್ಲೇಟು ತಂದ. ಯಾವುದೋ ಹೆಣ್ಣುಮಗಳು ದೇವರನ್ನು ಮನೆಗೆ ಕರೆಯುವ ಹಾಡು. ಮೊದಲ ಸಂಜೆ ಅದು ಎಣ್ಣೆಯ ಹಾಗೆ ಹರಿಯಿತು. "ಏನು ಗಂಟ್ಲವ್ವ! ಪುಣ್ಯ ಮಾಡಿದ್ದೆ ಕಣಕ್ಕ ನೀನು," ಅಂತ ಹೆಂಗಸರೆಲ್ಲ ದೊಡ್ಡಮ್ಮನಿಗೆ ಹೇಳಿದರು. ನಾನು ಕೈಯಲ್ಲಿದ್ದ ಅವರೆಕಾಳನ್ನೂ ಮರೆತೆ. ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ, ಅಷ್ಟೇ.

ಮರುಸಂಜೆ ಅದೇ ಪ್ಲೇಟು ಶುರುವಾದ ಕೂಡಲೇ ತೊದಲಿತು. "ಬಾರೋ... ಬಾರೋ... ಬಾರೋ..." ಮುಳ್ಳು ಅಲ್ಲೇ ಸುತ್ತುತ್ತಿದೆ. "ದೇವ್ರು ಬರೋಗಂಟ ಬಿಡಾಕಿಲ್ಲ ಕಣೆ ಇವಳು," ಅಂತ ಯಾರೋ ಅಂದರು. ಎಲ್ಲರೂ ನಕ್ಕರು. ದೊಡ್ಡಮ್ಮ ನಗಲಿಲ್ಲ, ನನ್ನ ಕಡೆ ತಿರುಗಿದಳು.

"ನಿನ್ನೆ ಇವಳು ಕಣ್ಣು ಮಿಟುಕಿಸ್ದಂಗೆ ನೋಡ್ತಾ ಇದ್ಲು. ಇವಳ ಕಣ್ಣೇ ಬಿದ್ದಿರೋದು. ಎದ್ದೇಳೆ ನಂಜಿ, ಇನ್ನು ಈ ಹೊಸ್ತಿಲು ತುಳೀಬೇಡ."

ಮಡಿಲಲ್ಲಿದ್ದ ಅವರೆಕಾಳನ್ನು ಅಲ್ಲೇ ಸುರಿದು ಎದ್ದೆ. ಸರೋಜ ಬಳೆ ಸರಿಸಿಕೊಳ್ಳುತ್ತಿದ್ದಳು.

ಅಂದಿನಿಂದ ಅವರ ಹಿಂಬದಿಯ ಕಿಟಕಿಯೇ ನನ್ನ ಜಾಗ. ಪೆಟ್ಟಿಗೆಯ ರೋಗ ಹೆಚ್ಚುತ್ತಾ ಹೋಯಿತು. ಹೊಸದೊಂದೇ ಅಲ್ಲ, ಹಳೇ ಪ್ಲೇಟುಗಳೂ ಒಂದೊಂದಾಗಿ ತೊದಲಿದವು. ದೊಡ್ಡಪ್ಪ ಮುಳ್ಳು ಬದಲಾಯಿಸಿದ, ಗಾಲಿಗೆ ಎಣ್ಣೆ ಬಿಟ್ಟ, ಪೆಟ್ಟಿಗೆಯ ಕೆಳಗೆ ಮಣೆ ಕೊಟ್ಟು ಮಟ್ಟ ಮಾಡಿದ. ಊರವರು ನನ್ನ ಕಂಡರೆ ಕರುವನ್ನು ಮರೆ ಮಾಡಲು ಶುರುಮಾಡಿದರು. ಅವ್ವ ಕೂಡ ಒಂದು ದಿನ, "ಅಂಗೆಲ್ಲ ದಿಟ್ಟಿಸಬ್ಯಾಡ ಕಣೆ," ಅಂದಳು. ನನಗೆ ಹೊಟ್ಟೆಕಿಚ್ಚು ಇದ್ದದ್ದು ನಿಜ. ಆದರೆ ಹೊಟ್ಟೆಕಿಚ್ಚಿಗೆ ಪ್ಲೇಟು ಕೆಡುವುದಾದರೆ ಊರಲ್ಲಿ ಒಂದು ಮಡಕೆಯಾದರೂ ಉಳಿಯುತ್ತಿತ್ತೇ?

ಒಂದು ಮಧ್ಯಾಹ್ನ ದೊಡ್ಡಪ್ಪ ಹೊಲದಲ್ಲಿದ್ದ. ನಾನು ಕಿಟಕಿಯಲ್ಲಿದ್ದೆ. ದೊಡ್ಡಮ್ಮ ಒಬ್ಬಳೇ ಬಂದು ಪ್ಲೇಟುಗಳನ್ನು ಚಾಪೆಯ ಮೇಲೆ ಹರವಿದಳು. ಹರಳೆಣ್ಣೆಯಲ್ಲಿ ಕಲೆಸಿದ ಕಾಡಿಗೆಯ ಡಬ್ಬಿಗೆ ಬೆರಳು ಅದ್ದಿ, ಕೂಸಿನ ಕೆನ್ನೆಗೆ ಇಡುವ ಹಾಗೆ ಒಂದೊಂದು ಪ್ಲೇಟಿನ ಅಂಚಿಗೂ ದೃಷ್ಟಿಬೊಟ್ಟು ಇಟ್ಟಳು. "ಊರ ಕಣ್ಣು, ಕೇರಿ ಕಣ್ಣು, ನಂಜಿ ಕಣ್ಣು," ಅಂತ ಗೊಣಗಿದಳು. ಕರೀ ಪ್ಲೇಟಿನ ಮೇಲೆ ಕರೀ ಬೊಟ್ಟು. ಯಾರಿಗೆ ಕಾಣಬೇಕು?

ಆ ಸಂಜೆ ಪೆಟ್ಟಿಗೆ ಮತ್ತೆ ತೊದಲಿತು. ದೊಡ್ಡಪ್ಪ ಮುಚ್ಚಳ ಬಡಿದು, "ಸಾಕು, ಬೆಳಿಗ್ಗೆ ಇದನ್ನ ಸಂತೆಗೆ ಆಕ್ತೀನಿ," ಅಂದ. ಸಂತೆಗೆ ಹೋದರೆ ಹೋಗಲಿ, ಸರೋಜಳ ಜಂಬ ಇಳಿಯುತ್ತದೆ ಅಂತ ಮೊದಲು ಖುಷಿಯಾಯಿತು. ಆಮೇಲೆ ಹೊಳೆಯಿತು: ಪೆಟ್ಟಿಗೆ ಹೋಗುತ್ತದೆ, ಕೆಟ್ಟ ಕಣ್ಣಿನವಳು ಅನ್ನುವ ಹೆಸರು ನನ್ನ ಮೇಲೆ ಉಳಿಯುತ್ತದೆ.

"ದೊಡ್ಡಪ್ಪ!" ಕಿಟಕಿಯಿಂದಲೇ ಕಿರುಚಿದೆ. "ಪ್ಲೇಟಿಗೆ ಕಾಡಿಗೆ ಮೆತ್ತೈತೆ. ಕೈಯಾಡ್ಸಿ ನೋಡು!"

ದೊಡ್ಡಪ್ಪ ಅಂಚಿನ ಮೇಲೆ ಹೆಬ್ಬೆರಳು ಸವರಿ ದೀಪಕ್ಕೆ ಹಿಡಿದ. ಕಪ್ಪಗೆ ಜಿಡ್ಡು. ಹೆಂಡತಿಯ ಮುಖ ನೋಡಿದ.

"ಕೂಸಿಗೆ ಇಡಾಕಿಲ್ವ? ಅಂಗೇ ಇಟ್ಟೆ," ಅಂದಳು ದೊಡ್ಡಮ್ಮ. "ಮೊದಲ ದಿನ ಎಲ್ಲಾರೂ ಒಗಳಿದ್ರಲ್ಲ, ಭಯ ಆಯ್ತು. ಕೆಟ್ಟಷ್ಟೂ ಇನ್ನೊಂದು ಇಟ್ಟೆ."

"ಆ ಮಗೀನ ಕಣ್ಣು ಬಿದ್ದಿಲ್ಲ ಕಣೆ ಇದಕ್ಕೆ. ನಿನ್ನ ಬೆರಳು ಬಿದ್ದೈತೆ!"

ಹೆಂಗಸರು ಅವರೆಕಾಳು ಚೆಲ್ಲುವಷ್ಟು ನಕ್ಕರು. ದೊಡ್ಡಪ್ಪ ಹೊಸ ಪ್ಲೇಟನ್ನು ಪಂಚೆಯ ತುದಿಯಿಂದ ಗಟ್ಟಿಯಾಗಿ ಒರೆಸಿ, "ನಂಜಿ, ಒಳಕ್ಕೆ ಬಾ. ಕೈ ತೊಳ್ಕೊಂಡು ಬಾ. ನೀನೇ ಕೀ ಕೊಡು," ಅಂದ.

ಕೊಟ್ಟೆ. ಕೈಗೆ ಬಿಗಿ ಹತ್ತಿದ ಕೂಡಲೇ ನಿಲ್ಲಿಸಿದೆ. ಹಾಡು ತೊದಲದೆ ಕೊನೆಯವರೆಗೂ ಹೋಯಿತು. ಸರೋಜ ಗೋಡೆಯ ಕಡೆ ತಿರುಗಿ ಕೂತಿದ್ದಳು. ಅವಳ ಬೆನ್ನು ನೋಡುತ್ತಾ ಕೇಳಿದ್ದಕ್ಕೋ ಏನೋ, ಆ ಹಾಡು ಇನ್ನೂ ಸಿಹಿಯಾಗಿತ್ತು.

ಈಗ ಆ ಮನೆ ಇದ್ದ ಜಾಗದಲ್ಲಿ ಲೇತ್ ಮೆಷಿನ್ ಓಡುತ್ತದೆ. ಅವರೆ ಸಾಲು ಇದ್ದಲ್ಲಿ ನಮ್ಮ ಬಾಡಿಗೆ ರೂಮುಗಳಿವೆ. ರಾಯಚೂರು, ಯಾದಗಿರಿ ಕಡೆಯ ಹುಡುಗರು ಶಿಫ್ಟು ಮುಗಿಸಿ ಬಂದು ಕಿವಿಗೆ ಹಾಡಿನ ವೈರು ತುರುಕಿಕೊಂಡು ಮಲಗುತ್ತಾರೆ. ಪಕ್ಕದವನು ಏನು ಕೇಳುತ್ತಿದ್ದಾನೆ ಅಂತ ಪಕ್ಕದವನಿಗೆ ಗೊತ್ತಿಲ್ಲ. ಹೊಟ್ಟೆಕಿಚ್ಚು ಪಡುವುದಕ್ಕೂ ಪಕ್ಕದ ಮನೆಯಲ್ಲಿ ಏನಿದೆ ಅಂತ ತಿಳಿದಿರಬೇಕಲ್ಲ. ನನ್ನ ಮೊಮ್ಮಗಳ ಫೋನಿನಲ್ಲಿ ಎಲ್ಲ ಹಾಡೂ ಇವೆ. ಅದನ್ನು ನೋಡಲು ಹೊಸ್ತಿಲಲ್ಲಿ ಬಂದು ಕೂರುವ ಒಂದು ಮಗುವೂ ಇಲ್ಲ. ಪೆಟ್ಟಿಗೆ ಸರೋಜಳ ಮನೆಯ ಗಾಜಿನ ಬೀರುವಿನಲ್ಲಿ ಬೊಂಬೆಯ ಹಾಗೆ ಕೂತಿದೆ. ಅದಕ್ಕೆ ಕೀ ಕೊಡುವವರಿಲ್ಲ. ಹೋದಾಗಲೆಲ್ಲ ನೋಡುತ್ತೇನೆ. ಈಗಲೂ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ.

ಆದರೆ ಆವತ್ತು, ಕೀ ಕೊಟ್ಟ ಮಾರನೆಯ ಬೆಳಿಗ್ಗೆ, ಎದ್ದವಳೇ ಅವ್ವನ ಕಾಡಿಗೆ ಡಬ್ಬಿ ತೆಗೆದೆ. ನನ್ನ ಬಲಗೈಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ದೊಡ್ಡದೊಂದು ದೃಷ್ಟಿಬೊಟ್ಟು ಇಟ್ಟುಕೊಂಡೆ. ಆ ಕೈಯಲ್ಲೇ ಬಿಂದಿಗೆ ಹಿಡಿದು, ಬಾವಿಗೆ ಹತ್ತಿರದ ದಾರಿ ಬಿಟ್ಟು, ಸರೋಜಳ ಮನೆಯ ಮುಂದಿನಿಂದಲೇ ನೀರಿಗೆ ಹೋದೆ.