ಅಪ್ಪನ ಹಗಲುನಿದ್ದೆ

ನಾವು ಹಟ್ಟಿಯ ಕ್ವಾರ್ಟರ್ಸಿನಲ್ಲಿದ್ದ ಆ ದಿನಗಳಲ್ಲಿ ಬೇಸಿಗೆ ರಜೆಯೆಂದರೆ ಉಳಿದ ಮಕ್ಕಳಿಗೆ ಹಬ್ಬ. ನನಗೂ ತಂಗಿ ಗಂಗಿಗೂ ಬಾಯಿಗೆ ಬೀಗ. ಅಪ್ಪ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ. ರಾತ್ರಿ ಪಾಳಿ ಇದ್ದ ವಾರ ಬೆಳಿಗ್ಗೆ ಮನೆಗೆ ಬಂದು, ಜಳಕ ಮಾಡಿ, ಉಂಡು ಮಲಗುತ್ತಿದ್ದ. ಅಲ್ಲಿಂದ ಸಂಜೆಯವರೆಗೆ ಮನೆಯೊಳಗೆ ಸೊಳ್ಳೆ ಕೂಡ ಅವ್ವನ ಅಪ್ಪಣೆ ಕೇಳಿ ಹಾಡಬೇಕಿತ್ತು.

"ನಿದ್ದಿಗೆಟ್ಟು ಭೂಮಿಯೊಳಗ ಇಳಿದ್ರ ಕೈ ತಪ್ಪತೈತಿ, ಕಾಲು ತಪ್ಪತೈತಿ. ನಿಮ್ಮಪ್ಪ ತಿರುಗಿ ಮನಿಗೆ ಬರಬೇಕೋ ಬ್ಯಾಡೋ?" ಎಂದು ಅವ್ವ ಪಿಸುಗುಡುತ್ತಿದ್ದಳು. ಅಷ್ಟು ಸಾಕು, ನಾವು ಉಸಿರನ್ನೂ ಸಣ್ಣಗೆ ಬಿಡುತ್ತಿದ್ದೆವು.

ರೊಟ್ಟಿ ಬಡಿದರೆ ಸದ್ದಾಗುತ್ತದೆಂದು ಅವ್ವ ಹಿಟ್ಟಿನ ಪುಟ್ಟಿ ಹೊತ್ತು ಪಕ್ಕದ ಹುಸೇನಬೀ ಚಾಚಿಯ ಮನೆಗೆ ಹೋಗುತ್ತಿದ್ದಳು. ಬಿಸಿರೊಟ್ಟಿಯ ವಾಸನೆ ಅವರಿಗೆ, ಆರಿದ ರೊಟ್ಟಿ ನಮಗೆ. ಚೌಕಾಬಾರದ ಕವಡೆ ಕಟಕಟ ಅನ್ನುತ್ತವೆಂದು ನಮಗೆ ಹುಣಸೆಬೀಜ ಕೊಟ್ಟಳು. ಅವನ್ನೂ ಕೌದಿಯ ಮೇಲೆಯೇ ಬಿಡಬೇಕು. ಗೆದ್ದವರು ಕೇಕೆ ಹಾಕುವಂತಿಲ್ಲ. ಕೇಕೆಯಿಲ್ಲದ ಮೇಲೆ ಅದೆಂಥ ಗೆಲುವು! ಚಿಂತೆಯಿಲ್ಲದವಗೆ ಸಂತೆಯಲ್ಲೂ ನಿದ್ದೆ ಎಂದು ಚಾಚಿ ನಗುತ್ತಿದ್ದಳು. ನಮಗೆ ಆ ನಗುವಿಗೂ ಪರವಾನಗಿ ಇರಲಿಲ್ಲ.

ಒಂದು ಮಧ್ಯಾಹ್ನ ಅವ್ವ ಹಾಗೆಯೇ ರೊಟ್ಟಿಗೆ ಹೋಗಿದ್ದಳು. ಐದು ವರ್ಷದ ಗಂಗಿ ಹಿತ್ತಲಲ್ಲಿ ಒಲೆಗೆಂದು ಒಟ್ಟಿದ್ದ ಸಗಣಿ ಕುಳ್ಳಿನ ರಾಶಿಯ ಹತ್ತಿರ ಕಾಲಿಟ್ಟವಳು ಗಕ್ಕನೆ ನಿಂತಳು. ಚೇಳೊಂದು ಕುಳ್ಳಿನಡಿ ಸರಿದುಹೋಯಿತು. ಗಂಗಿ ಲಂಗದ ಅಂಚನ್ನು ಬಾಯಿಗೆ ತುರುಕಿಕೊಂಡು, ಕಣ್ಣೀರು ಸುರಿಸುತ್ತ ನನಗೆ ಕಾಲು ತೋರಿಸಿದಳು. ಅವಳನ್ನು ಎತ್ತಿಕೊಂಡೆ. ಅಪ್ಪ ಮಲಗಿದ್ದ ಕೋಣೆಯನ್ನು ತುದಿಗಾಲಲ್ಲಿ ದಾಟಿ, ಚಾಚಿಯ ಮನೆಗೆ ಓಡಿದೆ. ಆಸ್ಪತ್ರೆಯ ದಾರಿಯುದ್ದಕ್ಕೂ ಅವ್ವ, "ಅಳು ನನ್ನವ್ವಾ, ಈಗ ಅಳು," ಎನ್ನುತ್ತಿದ್ದಳು. ಗಂಗಿ ಲಂಗ ಬಿಡಲೇ ಇಲ್ಲ.

ಸೂಜಿ ಮಾಡಿಸಿಕೊಂಡು ಬಂದಾಗ ಅಪ್ಪ ಹೊರಸಿನ ಮೇಲೆ ಎದ್ದು ಕೂತಿದ್ದ. ಊದಿದ ಕಾಲು ನೋಡಿ ಅವನ ಮುಖ ಬಿಳಿಚಿತು.

"ನನ್ನ ಯಾಕ ಎಬ್ಬಿಸಲಿಲ್ಲ?"

"ಎಬ್ಬಿಸಿದ್ರ ಮತ್ತ ನಿದ್ದಿ ಹತ್ತತಿತ್ತೇನ್ರಿ ನಿಮಗ?" ಎಂದಳು ಅವ್ವ.

ಅಪ್ಪ ನೆಲ ನೋಡುತ್ತ ಹೇಳಿದ: "ನಾ ಎಚ್ಚರಾನ ಇದ್ದೆ. ಹಗಲಿಗೆ ನನಗ ಎಂದೂ ನಿದ್ದಿ ಹತ್ತಿಲ್ಲ. ನೀವು ಇಷ್ಟು ಸುಮ್ಮನಿರ್ತೀರಿ, ಹೆಂಗ ಹೇಳಲಿ? ಕಣ್ಣು ಮುಚ್ಚಿಕೊಂಡು ಬಿದ್ದಿರ್ತೀನಿ."

ಅಂದು ರಾತ್ರಿಯೂ ಅವನು ಪಾಳಿಗೆ ಹೋದ. ಅವ್ವನಿಗೆ ಸಿಟ್ಟು ಬರಲಿಲ್ಲ, ಇನ್ನಷ್ಟು ಹೆದರಿಕೆ ಬಂತು. ಮರುದಿನ ಕಿಟಕಿಗೆ ಮತ್ತೊಂದು ಕೌದಿ ಇಳಿಬಿಟ್ಟಳು. ಸಿಟ್ಟು ಬಂದದ್ದು ನನಗೆ, ಅದು ಇಂದಿಗೂ ಇಳಿದಿಲ್ಲ. ಇಲ್ಲದ ನಿದ್ದೆಗೆ ನಾವು ಮಕ್ಕಳು ಕಾವಲು ಕೂತಿದ್ದೆವು. ಆ ಕಾವಲಿನಲ್ಲಿ ಗಂಗಿಯ ಕೂಗುವ ದನಿ ಹೋಯಿತು, ಮತ್ತೆ ಬರಲಿಲ್ಲ.

ಗಂಗಿ ಈಗ ಮಸ್ಕಿಯ ಸೊಸೆ. ಹೋದ ವರ್ಷ ಅವಳಿಗೆ ಎರಡನೆಯ ಹೆರಿಗೆಯ ನೋವು ರಾತ್ರಿಯೇ ಶುರುವಾಗಿತ್ತು. ಬೆಳಗಾಗುವವರೆಗೆ ಗೋಡೆಗೊರಗಿ ಕೂತಿದ್ದಳಂತೆ. ಕೂಸು ದಕ್ಕಿದ್ದೇ ದೊಡ್ಡದು ಎಂದು ಡಾಕ್ಟರು ಬೈದರು. ಅತ್ತೆ ಮಾತ್ರ ಬಂದವರಿಗೆಲ್ಲ, "ಬಾಳ ಗಟ್ಟಿಗಿತ್ತಿ ನಮ್ಮ ಸೊಸಿ, ಒಂದು ಸದ್ದು ಮಾಡಲಿಲ್ಲ ನೋಡ್ರಿ," ಎಂದು ಹೊಗಳುತ್ತಿದ್ದರು. ಕೂಸನ್ನು ನೋಡಲು ಹೋಗಿದ್ದ ನಾನು ಗಂಗಿಯ ಪಕ್ಕದಲ್ಲೇ ಕೂತೆ.

ಎಲ್ಲರೂ ಹೊರಗೆ ಹೋದ ಮೇಲೆ ಕೇಳಿದೆ: "ಯಾರನ್ನರ ಒಬ್ಬರನ್ನ ಕೂಗಬಾರದೇನಬೇ?"

ಗಂಗಿ ಪಿಸುಗುಟ್ಟಿದಳು: "ಎಲ್ಲಾರೂ ಮಲಗಿದ್ರಕ್ಕ."